‘ಮೊಸ್ಯೋ ಕ್ಲೈನ್’ ನೋಡಿದವರು ಹೇಳಿ: ಕೊನೆಯಲ್ಲಿ ಅವನು ಯಾಕೆ ತಿರುಗಿ ಬರಲಿಲ್ಲ?

ತುಂಗಾತೀರ

ಎರಡು ದಿನ ಆಯಿತು, ಈ ಸಿನಿಮಾ ತಲೆಯಿಂದ ಇಳಿಯುತ್ತಿಲ್ಲ. 1976ರ ಫ್ರೆಂಚ್ ಸಿನಿಮಾ. ನಿರ್ದೇಶಕ ಜೋಸೆಫ್ ಲೋಸಿ, ಮುಖ್ಯ ಪಾತ್ರದಲ್ಲಿ ಅಲೆನ್ ಡೆಲಾನ್. 2024ರ ಆಗಸ್ಟ್‌ನಲ್ಲಿ ಡೆಲಾನ್ ತೀರಿಕೊಂಡ ಮೇಲೆ ಅವರ ಸಿನಿಮಾಗಳನ್ನು ಒಂದೊಂದಾಗಿ ನೋಡುತ್ತಾ ಬಂದೆ. ಇದಕ್ಕೆ ಬಂದು ನಿಂತುಬಿಟ್ಟೆ. ನೋಡದವರು ದಯವಿಟ್ಟು ಮುಂದೆ ಓದಬೇಡಿ, ಕೊನೆಯವರೆಗಿನ ಕಥೆ ಇಲ್ಲೇ ಹೇಳುತ್ತಿದ್ದೇನೆ.

1942ರ ಪ್ಯಾರಿಸ್. ಊರು ಜರ್ಮನ್ನರ ಕೈಯಲ್ಲಿದೆ. ರಾಬರ್ಟ್ ಕ್ಲೈನ್ ಹಳೆಯ ಚಿತ್ರಗಳನ್ನು ಕೊಂಡು ಮಾರುವವನು. ದೇಶ ಬಿಟ್ಟು ಓಡಬೇಕಾದ ಯಹೂದಿಗಳು ಮನೆಯಲ್ಲಿದ್ದ ಚಿತ್ರಗಳನ್ನು ಅವನ ಹತ್ತಿರ ತರುತ್ತಾರೆ. ಅವರಿಗೆ ಬೇರೆ ದಾರಿ ಇಲ್ಲ ಎಂದು ಅವನಿಗೆ ಗೊತ್ತು. ಹಾಗಾಗಿ ಕೇಳಿದ ಬೆಲೆ ಕೊಡುವುದಿಲ್ಲ. ಒಂದು ದಿನ ಹಾಗೆ ಒಬ್ಬನಿಂದ ಡಚ್ ಚಿತ್ರವೊಂದನ್ನು ಕೊಂಡು, ಅವನನ್ನು ಬಾಗಿಲವರೆಗೆ ಕಳಿಸಿಕೊಡುವಾಗ ಅಲ್ಲೊಂದು ಪತ್ರಿಕೆ ಬಿದ್ದಿರುತ್ತದೆ. ಯಹೂದಿಗಳಿಗೆ ಮಾತ್ರ ಬರುವ ಪತ್ರಿಕೆ. ಮೇಲೆ ಇವನದೇ ಹೆಸರು, ಇವನದೇ ವಿಳಾಸ.

ಇವನು ಕ್ಯಾಥೊಲಿಕ್. ಅಂದರೆ ಇದೇ ಹೆಸರಿನ ಇನ್ನೊಬ್ಬ ಕ್ಲೈನ್ ಊರಲ್ಲಿ ಇದ್ದಾನೆ. ಅವನನ್ನು ಹುಡುಕಲು ಹೊರಡುತ್ತಾನೆ. ಕೊನೆಗೆ ಯಹೂದಿಗಳನ್ನು ಹಿಡಿದು ಕೂಡಿಹಾಕಿದ ಜಾಗದಲ್ಲಿ ಧ್ವನಿವರ್ಧಕದಲ್ಲಿ ಆ ಹೆಸರು ಕೇಳಿಸುತ್ತದೆ. ಜನರ ನಡುವೆ ಯಾರೋ ಕೈ ಎತ್ತುತ್ತಾರೆ. ವಕೀಲ ಬಿಡುಗಡೆಯ ಕಾಗದ ಹಿಡಿದು ಬೇಲಿಯಾಚೆ ಕೂಗುತ್ತಿದ್ದಾನೆ. ಇವನು ಮಾತ್ರ ಆ ಕೈಯ ಹಿಂದೆ ಹೋಗಿ ರೈಲು ಹತ್ತುತ್ತಾನೆ.

ನನ್ನ ಪ್ರಶ್ನೆ ಇಷ್ಟೇ. ಯಾಕೆ? ಇನ್ನೊಂದು, ಆ ಎರಡನೇ ಕ್ಲೈನ್‌ನ ಮುಖವನ್ನು ನಮಗೆ ಒಮ್ಮೆಯೂ ಸರಿಯಾಗಿ ತೋರಿಸುವುದಿಲ್ಲ. ಇದು ನೋಡುಗರಿಗೆ ಮಾಡಿದ ಮೋಸ ಅಂತ ನನಗೆ ಅನಿಸಿತು. ನಿಮಗೆ?

ಕಪ್ಪುಬಿಳುಪು

ಮೋಸ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎರಡನೆಯವನು ಮುಖ ತೋರಿಸದೇ ಇರುವುದೇ ಅವನ ಕೆಲಸ. ಅವನು ಭೂಗತನಾಗಿ ಜರ್ಮನ್ನರ ವಿರುದ್ಧ ಕೆಲಸ ಮಾಡುತ್ತಿದ್ದಾನೆ ಅನ್ನುವುದಕ್ಕೆ ಸಿನಿಮಾದಲ್ಲಿ ಬೇಕಾದಷ್ಟು ಸುಳಿವು ಇದೆ. ಪೊಲೀಸರು ತನ್ನ ಬೆನ್ನು ಬಿದ್ದಿದ್ದಾರೆ ಎಂದು ಅವನಿಗೆ ಗೊತ್ತು. ಊರಿನಲ್ಲಿ ತನ್ನದೇ ಹೆಸರಿನ ಒಬ್ಬ ಶ್ರೀಮಂತ ವ್ಯಾಪಾರಿ ಇದ್ದಾನೆ, ಅದೂ ಯಹೂದಿಗಳ ಕಷ್ಟದಲ್ಲಿ ದುಡ್ಡು ಮಾಡುವವನು. ಅವನ ವಿಳಾಸಕ್ಕೆ ಪತ್ರಿಕೆ ಹೋಗುವಂತೆ ಮಾಡಿದರೆ ಸಾಕು, ಪೊಲೀಸರು ಆ ಕಡೆ ತಿರುಗುತ್ತಾರೆ. ನನ್ನ ಪ್ರಕಾರ ಪತ್ರಿಕೆ ತಪ್ಪಿ ಬಂದದ್ದಲ್ಲ. ಬೇಕೆಂದೇ ಕಳಿಸಿದ್ದು.

ಡೆಲಾನ್ 1960ರಲ್ಲೇ ಬೇರೊಬ್ಬನ ಹೆಸರು, ಬಟ್ಟೆ, ಸಹಿ ಎಲ್ಲವನ್ನೂ ಕದಿಯುವ ಯುವಕನ ಪಾತ್ರ ಮಾಡಿ ಹೆಸರಾದವರು. 16 ವರ್ಷ ಕಳೆದ ಮೇಲೆ ಇಲ್ಲಿ ಅವರ ಹೆಸರನ್ನೇ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಈ ಸಿನಿಮಾಕ್ಕೆ ದುಡ್ಡು ಹಾಕಿದ ನಿರ್ಮಾಪಕರಲ್ಲಿ ಡೆಲಾನ್ ಕೂಡ ಒಬ್ಬರು. ಜನ ಇಷ್ಟಪಡುವಂಥ ಒಂದು ಗುಣವೂ ಇಲ್ಲದ ಪಾತ್ರವನ್ನು ಅಷ್ಟು ದೊಡ್ಡ ನಟ ತಾನಾಗಿ ಆರಿಸಿಕೊಂಡರು. ಅದಕ್ಕೆ ನನಗೆ ಅವರ ಮೇಲೆ ಗೌರವ.

ಶಿರಸಿಯವಳು

ಕಪ್ಪುಬಿಳುಪು ಅವರೇ, ಪತ್ರಿಕೆ ಯಾರೇ ಕಳಿಸಿರಲಿ, ಬಲೆ ಬಿಗಿದದ್ದು ಪತ್ರಿಕೆ ಅಲ್ಲ ಅಲ್ವಾ? ಕ್ಲೈನ್ ಆ ಪತ್ರಿಕೆಯನ್ನು ಒಲೆಗೆ ಹಾಕಿ ಸುಮ್ನೆ ಕೂರಬಹುದಿತ್ತು. ಅವನು ಏನು ಮಾಡಿದ? ಪತ್ರಿಕೆಯ ಕಚೇರಿಗೆ ಹೋದ. ಚಂದಾದಾರರ ಪಟ್ಟಿ ಪೊಲೀಸರ ಹತ್ತಿರ ಇದೆ ಎಂದು ತಿಳಿದು ನೇರ ಅಲ್ಲಿಗೆ ಹೋದ. ‘ನೋಡಿ, ಏನೋ ತಪ್ಪಾಗಿದೆ, ನಾನು ಅವರಲ್ಲಿ ಒಬ್ಬನಲ್ಲ’ ಅಂತ ಹೇಳುವುದಕ್ಕೆ. ಆ ಕ್ಷಣದವರೆಗೆ ಪೊಲೀಸರಿಗೆ ಅವನ ಮೇಲೆ ಕಣ್ಣೇ ಇರಲಿಲ್ಲ. ತಾನಾಗಿ ಹೋಗಿ ಹೆಸರು ಕೊಟ್ಟು ಬಂದ.

ಆ ದೃಶ್ಯದಲ್ಲಿ ಅವನ ಮುಖ ನೋಡಿ. ಹೆದರಿಕೆಯೇ ಇಲ್ಲ. ಸಭ್ಯ ಮನುಷ್ಯ ಸರ್ಕಾರಿ ಕಚೇರಿಗೆ ಹೋದರೆ ತಪ್ಪು ಸರಿಯಾಗುತ್ತದೆ ಎಂಬ ನಂಬಿಕೆ. ಈ ಪಟ್ಟಿ ಯಾಕಿದೆ, ಇದರಲ್ಲಿ ಇರುವವರಿಗೆ ಏನಾಗುತ್ತದೆ ಎಂದು ಅವನು ಕೇಳುವುದೇ ಇಲ್ಲ. ತನ್ನ ಹೆಸರು ಅದರಲ್ಲಿ ಇರಬಾರದು, ಅಷ್ಟೇ. ಸಿನಿಮಾ ಮುಗಿಯುವವರೆಗೂ ಅವನ ಹೋರಾಟ ಇಷ್ಟೇ. ಒಮ್ಮೆಯಾದರೂ ‘ಇಂಥ ಪಟ್ಟಿ ಮಾಡುವುದೇ ತಪ್ಪು’ ಅಂದಿದ್ದರೆ ನಾನು ಅವನಿಗಾಗಿ ಅಳುತ್ತಿದ್ದೆ.

ನಡುರಾತ್ರಿ ನೋಡುಗ

ಎಲ್ಲರೂ ಹೊಗಳುತ್ತಿದ್ದೀರಿ. ನನಗೆ ಸಿನಿಮಾ ಅಷ್ಟು ಹಿಡಿಸಲಿಲ್ಲ, ಕಾರಣ ಹೇಳುತ್ತೇನೆ. ನಿಧಾನ ಅನ್ನುವುದು ದೂರಲ್ಲ, ನಿಧಾನದ ಸಿನಿಮಾ ನನಗೂ ಇಷ್ಟ. ಆದರೆ ಸಾವಿರಾರು ಜನರನ್ನು ಸಾವಿಗೆ ತಳ್ಳಿದ ಘಟನೆ ಇಲ್ಲಿ ಒಬ್ಬ ಕ್ಯಾಥೊಲಿಕ್ ಸಿರಿವಂತನ ಒಗಟಿಗೆ ಹಿನ್ನೆಲೆ ಪರದೆಯಾಗಿದೆ. ನಿಜವಾಗಿ ಸತ್ತವರಿಗೆ ಹೆಸರಿಲ್ಲ, ಮಾತಿಲ್ಲ. ನಾವು ಎರಡು ಗಂಟೆ ಕೂತು ‘ಆ ಇನ್ನೊಬ್ಬ ಯಾರು’ ಅಂತ ತಲೆ ಕೆರೆದುಕೊಳ್ಳುತ್ತೇವೆ. ನನಗೆ ಇದು ಸರಿ ಕಾಣಲಿಲ್ಲ.

ಹಳ್ಳಿಯ ಬಂಗಲೆಯ ಭಾಗವೂ ಹಾಗೇ. ಫ್ಲಾರೆನ್ಸ್ ಎಂಬವಳ ಕಾಗದ ಹಿಡಿದು ಕ್ಲೈನ್ ರಾತ್ರಿ ರೈಲಿನಲ್ಲಿ ಹೋಗುತ್ತಾನೆ. ಅಲ್ಲಿ ಸಂಗೀತ, ಉಡುಪು, ಮೇಣದ ಬತ್ತಿ. ಫ್ಲಾರೆನ್ಸ್ ಪಾತ್ರಕ್ಕೆ ಜಾನ್ ಮೊರೋ ಅಂಥ ನಟಿಯನ್ನು ಕರೆದು ಗೂಢವಾಗಿ ಮಾತಾಡಿಸಿ ಕಳಿಸಿಬಿಟ್ಟರು.

ಶಿರಸಿಯವಳು

ಬಂಗಲೆಯ ಗೋಡೆ ನೋಡಿದಿರಾ? ಚಿತ್ರಗಳನ್ನು ಇಳಿಸಿದ ಜಾಗದಲ್ಲಿ ಬರೀ ಚೌಕದ ಗುರುತು ಉಳಿದಿದೆ. ಅವರೂ ಮಾರಿದ್ದಾರೆ, ಕ್ಲೈನ್‌ನಂಥ ಯಾರಿಗೋ. ಆ ಖಾಲಿ ಚೌಕಗಳ ಕೆಳಗೆ ನಿಂತು ಅವನು ಕೇಳುತ್ತಿರುವುದು ತನ್ನ ಹೆಸರಿನ ವಿಚಾರ ಮಾತ್ರ. ಜಾನ್ ಮೊರೋ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ, ಅವರು ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು.

ಹಳೇ ರೀಲು

ನಾನು ಈ ಸಿನಿಮಾವನ್ನು ಮೊದಲು ನೋಡಿದ್ದು ಎಂಬತ್ತರ ದಶಕದಲ್ಲಿ, ಒಂದು ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ. ಆಗ ನನಗೂ ಇದು ಬರೀ ಒಗಟು ಅನಿಸಿತ್ತು. ನಡುರಾತ್ರಿ ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಈ ಸಿನಿಮಾ ಮಾಡಿದವರು ಯಾರು ಎಂದು ತಿಳಿದ ಮೇಲೆ ನಾನು ನೋಡುವ ರೀತಿಯೇ ಬದಲಾಯಿತು.

ಲೋಸಿ ಅಮೆರಿಕದವರು, ವಿಸ್ಕಾನ್ಸಿನ್‌ನ ಲಾ ಕ್ರಾಸ್ ಊರಿನವರು. ಐವತ್ತರ ದಶಕದ ಶುರುವಿನಲ್ಲಿ ಹಾಲಿವುಡ್‌ನಲ್ಲಿ ಕಮ್ಯುನಿಸ್ಟರ ಹುಡುಕಾಟ ನಡೆಯಿತಲ್ಲ, ಆಗ ಕಪ್ಪುಪಟ್ಟಿಗೆ ಸೇರಿ ದೇಶ ಬಿಟ್ಟರು. ಇಂಗ್ಲೆಂಡ್‌ಗೆ ಬಂದ ಮೇಲೂ ತಮ್ಮ ಹೆಸರು ಹಾಕಿಕೊಳ್ಳುವಂತಿರಲಿಲ್ಲ. 1954ರಲ್ಲಿ ಅಲ್ಲಿ ಮಾಡಿದ ಸಿನಿಮಾ ವಿಕ್ಟರ್ ಹ್ಯಾನ್ಬರಿ ಎಂಬ ಬೇರೆಯವರ ಹೆಸರಲ್ಲಿ ಬಂತು. ಒಂದು ಪಟ್ಟಿಯಲ್ಲಿ ಹೆಸರು ಬಿದ್ದರೆ ಮನುಷ್ಯನಿಗೆ ಏನಾಗುತ್ತದೆ ಎಂದು ಅವರು ಓದಿ ತಿಳಿದವರಲ್ಲ.

ಇನ್ನೊಬ್ಬರು ಕಲಾ ನಿರ್ದೇಶಕ ಅಲೆಕ್ಸಾಂಡ್ರ್ ಟ್ರೋನೆರ್. ಹಂಗೆರಿಯಿಂದ ಬಂದ ಯಹೂದಿ. ಯುದ್ಧದ ಕಾಲದಲ್ಲಿ ಇದೇ ಫ್ರಾನ್ಸ್‌ನಲ್ಲಿ ಅಡಗಿಕೊಂಡು, ಬೇರೆಯವರ ಹೆಸರಿನ ಹಿಂದೆ ನಿಂತು ಸಿನಿಮಾಗಳಿಗೆ ಸೆಟ್ ಹಾಕಿಕೊಟ್ಟವರು. ಆ ಕಾಲದ ಪ್ಯಾರಿಸ್ಸನ್ನು ಮತ್ತೆ ಕಟ್ಟಿಕೊಟ್ಟಿರುವುದು ಆ ಕಾಲದಲ್ಲಿ ಹೆಸರು ಮುಚ್ಚಿಕೊಂಡು ಬದುಕಿದ ಮನುಷ್ಯ. ಫ್ರೆಂಚ್ ಸಿನಿಮಾಗಳಿಗೆ ಕೊಡುವ ಸೀಸರ್ ಪ್ರಶಸ್ತಿಗಳಲ್ಲಿ 1977ರಲ್ಲಿ ಈ ಸಿನಿಮಾಕ್ಕೆ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶಕ, ಮೂರನೆಯದು ಟ್ರೋನೆರ್ ಅವರ ಕೆಲಸಕ್ಕೆ. ಈ ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು.

ಹಾಗಾಗಿ ನಡುರಾತ್ರಿ ಅವರೇ, ಸತ್ತವರನ್ನು ಪರದೆ ಮಾಡಿದ್ದಾರೆ ಎನ್ನುವ ಮುಂಚೆ ಮೊದಲ ದೃಶ್ಯವನ್ನು ಇನ್ನೊಮ್ಮೆ ನೋಡಿ.

ನಡುರಾತ್ರಿ ನೋಡುಗ

ಡಾಕ್ಟರ್ ದೃಶ್ಯ ತಾನೇ? ಹೌದು, ಅದು ಮರೆಯುವಂಥದ್ದಲ್ಲ. ಒಬ್ಬ ಹೆಂಗಸನ್ನು ಬೆತ್ತಲೆ ನಿಲ್ಲಿಸಿ ಬಾಯಿ ತೆರೆಸಿ, ಮೂಗು, ದವಡೆ ಎಲ್ಲ ಅಳೆದು, ಯಹೂದಿಯೋ ಅಲ್ಲವೋ ಎಂದು ಬರೆಸುತ್ತಾ ಹೋಗುತ್ತಾನೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ. ಅವಳು ಬಟ್ಟೆ ಹಾಕಿಕೊಂಡು ಹೊರಗೆ ಬಂದು ಗಂಡನನ್ನು ಸೇರುತ್ತಾಳೆ. ಅಷ್ಟೇ. ಕಥೆ ಕ್ಲೈನ್ ಮನೆಗೆ ಹೋಗಿಬಿಡುತ್ತದೆ.

ನನ್ನ ಸಿಟ್ಟು ಅದೇ ನೋಡಿ. ಆ ಹೆಂಗಸಿನ ಕಥೆ ನನಗೆ ಬೇಕಿತ್ತು.

ಲೆಕ್ಕದಮನೆ

ಸಿನಿಮಾ ಬಗ್ಗೆ ನಿಮ್ಮಷ್ಟು ತಿಳಿದವನಲ್ಲ. 31 ವರ್ಷ ಸರ್ಕಾರಿ ಕೆಲಸ ಮಾಡಿ ನಿವೃತ್ತನಾದವನು. ಮಗಳು ಹಾಕಿಕೊಟ್ಟಳು, ನೋಡಿದೆ. ನನಗೆ ಇದು ಕಡತದ ಸಿನಿಮಾ ಅನಿಸಿತು.

ನನ್ನ ಅನುಭವ ಒಂದು ಹೇಳಬೇಕು. ಸುಮಾರು 20 ವರ್ಷದ ಹಿಂದೆ ಒಂದು ಬ್ಯಾಂಕಿನಿಂದ ನನಗೆ ಸಾಲದ ನೋಟಿಸು ಬಂತು. ನಾನು ಅಲ್ಲಿ ಸಾಲವನ್ನೇ ಮಾಡಿರಲಿಲ್ಲ. ವಿಚಾರಿಸಿದರೆ ನನ್ನ ಹೆಸರು, ನನ್ನ ತಂದೆಯ ಹೆಸರು ಎರಡೂ ಹೊಂದುವ ಇನ್ನೊಬ್ಬರು ಪಕ್ಕದ ತಾಲ್ಲೂಕಿನಲ್ಲಿದ್ದಾರೆ. ನಾನು ಅವರಲ್ಲ ಎಂದು ಹೇಳಲು ಹೋದೆ. ಅಲ್ಲಿದ್ದವರು ಒಳ್ಳೆಯ ಮಾತಿನಲ್ಲೇ ಕೇಳಿದರು, ‘ನೀವು ಅವರಲ್ಲ ಎನ್ನುವುದಕ್ಕೆ ದಾಖಲೆ ಏನಿದೆ?’ ನಾನು ದಂಗಾದೆ. ನಾನು ಇಂಥವನು ಎನ್ನಲು ನೂರು ಕಾಗದ ಇದೆ. ಇಂಥವನಲ್ಲ ಎನ್ನಲು ಎಲ್ಲಿಂದ ತರಲಿ? ಎಂಟು ತಿಂಗಳು ಓಡಾಡಿದೆ.

ಅದಕ್ಕೇ ಕ್ಲೈನ್ ತಾನು ಯಹೂದಿಯಲ್ಲ ಎಂದು ತೋರಿಸಲು ಅಜ್ಜ ಅಜ್ಜಿಯರ ಪ್ರಮಾಣಪತ್ರಕ್ಕೆ ಅಲೆಯುವುದು ನನ್ನ ಹೊಟ್ಟೆಗೆ ಕೈ ಹಾಕಿದಂತಾಯಿತು. ಸ್ಟ್ರಾಸ್‌ಬರ್ಗ್‌ನಲ್ಲಿರುವ ತಂದೆಯನ್ನು ಹೋಗಿ ಕೇಳುತ್ತಾನೆ. ನಾವು 14ನೇ ಲೂಯಿಯ ಕಾಲದಿಂದ ಕ್ಯಾಥೊಲಿಕರು ಎಂದು ಮುದುಕರು ರೇಗುತ್ತಾರೆ. ರೇಗಿದರೆ ಕಡತಕ್ಕೆ ಸಾಕಾಗುವುದಿಲ್ಲವಲ್ಲ. ಕೊನೆಗೆ ಒಬ್ಬ ಅಜ್ಜಿಯ ಕಾಗದ ಮಾತ್ರ ಉಳಿಯುತ್ತದೆ, ಅಲ್ಜೀರಿಯಾದಿಂದ ಬರಬೇಕು. ಒಂದು ಕಾಗದ ತಡವಾಗುವುದು ಏನು ಎಂದು ನನಗೆ ಗೊತ್ತು. ಕಾಗದದ ಈಚೆ ಕಡೆ ಕೂತೂ ನೋಡಿದ್ದೇನೆ, ಆಚೆ ಕಡೆ ನಿಂತೂ ನೋಡಿದ್ದೇನೆ.

ತುಂಗಾತೀರ

ಲೆಕ್ಕದಮನೆ ಸರ್, ತುಂಬ ಚೆನ್ನಾಗಿ ಹೇಳಿದಿರಿ. ಅಜ್ಜ ಅಜ್ಜಿಯರ ಲೆಕ್ಕ ಸಿನಿಮಾದವರು ಹುಟ್ಟಿಸಿದ್ದಲ್ಲ. 1940ರ ಅಕ್ಟೋಬರ್‌ನಲ್ಲಿ ಜರ್ಮನ್ನರ ಜೊತೆ ಕೈಜೋಡಿಸಿದ್ದ ಫ್ರಾನ್ಸ್‌ನ ವಿಶಿ ಸರ್ಕಾರ ತಂದ ಕಾನೂನು ಅದು. ಅಜ್ಜ ಅಜ್ಜಿಯರಲ್ಲಿ ಮೂವರು ಯಹೂದಿಗಳಾದರೆ ನೀವು ಯಹೂದಿ. ಗಂಡ ಅಥವಾ ಹೆಂಡತಿ ಯಹೂದಿಯಾಗಿದ್ದರೆ ಇಬ್ಬರೇ ಸಾಕು. ಜರ್ಮನ್ನರ ಆಜ್ಞೆಯಂತೆ ಪ್ಯಾರಿಸ್ ಪೊಲೀಸರು ಅದೇ ತಿಂಗಳು ಸುಮಾರು ಒಂದೂವರೆ ಲಕ್ಷ ಜನರ ಹೆಸರು ಬರೆದುಕೊಂಡರು. ಆ ಚೀಟಿಗಳನ್ನು ಹೆಸರು, ಬೀದಿ, ಕಸುಬು, ದೇಶ ಹೀಗೆ ನಾಲ್ಕು ಥರ ಜೋಡಿಸಿಟ್ಟರು. ಮುಂದೆ ಜನರನ್ನು ಹಿಡಿಯಲು ಹೋದದ್ದು ಆ ಚೀಟಿ ಹಿಡಿದೇ. ಸಿನಿಮಾದಲ್ಲಿ ಕ್ಲೈನ್ ಕಥೆಯ ನಡುವೆ ಪೊಲೀಸರು ಚೀಟಿ ಜೋಡಿಸುವುದು, ನಕ್ಷೆ ನೋಡುವುದು ಬರುತ್ತದಲ್ಲ, ಮೊದಲ ಸಲ ಅವು ಏನೆಂದೇ ನನಗೆ ತಿಳಿದಿರಲಿಲ್ಲ.

ಒಂದು ಕೇಳಬಹುದಾ ಸರ್? ಆ ಇನ್ನೊಬ್ಬರನ್ನು ನೀವು ಭೇಟಿ ಮಾಡಿದಿರಾ?

ಸೇನ್ ದಂಡೆ

ನಾನು ಪ್ಯಾರಿಸ್‌ನಲ್ಲಿ ಆರು ವರ್ಷದಿಂದ ಇದ್ದೇನೆ, ಊರು ಹಾಸನ. ಸಿನಿಮಾದ ಕೊನೆಯ ಜಾಗದ ಬಗ್ಗೆ ಹೇಳಬೇಕು.

ಅದು ವೆಲೊಡ್ರೋಮ್ ದಿವೇರ್. ಇಲ್ಲಿನವರು ವೆಲ್ ದಿವ್ ಅನ್ನುತ್ತಾರೆ. ಚಳಿಗಾಲದ ಸೈಕಲ್ ರೇಸಿಗೆ ಕಟ್ಟಿದ, ಮೇಲೆ ಚಾವಣಿ ಇದ್ದ ಕ್ರೀಡಾಂಗಣ. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಮತ್ತು ಸುತ್ತಲಿನ ಊರುಗಳಲ್ಲಿ 13,152 ಜನರನ್ನು ಹಿಡಿದರು. ಅವರಲ್ಲಿ 4,115 ಮಕ್ಕಳು. ಹಿಡಿದವರು ಜರ್ಮನ್ ಸೈನಿಕರಲ್ಲ, ಫ್ರೆಂಚ್ ಪೊಲೀಸರು. ಕರೆದೊಯ್ದದ್ದು ಪ್ಯಾರಿಸ್‌ನ ಸಿಟಿ ಬಸ್ಸುಗಳಲ್ಲಿ. ಮಕ್ಕಳಿದ್ದ ಕುಟುಂಬಗಳನ್ನು ಈ ಕ್ರೀಡಾಂಗಣಕ್ಕೆ ತುಂಬಿ ದಿನಗಟ್ಟಲೆ ಇಟ್ಟರು, ಆಮೇಲೆ ಶಿಬಿರಗಳಿಗೆ, ಅಲ್ಲಿಂದ ಜರ್ಮನ್ನರ ಸಾವಿನ ಶಿಬಿರವಾದ ಔಶ್ವಿಟ್ಸ್‌ಗೆ.

ಸಿನಿಮಾ ಇತಿಹಾಸವನ್ನು ಸ್ವಲ್ಪ ಬದಲಿಸಿದೆ. ಆ ಜುಲೈನಲ್ಲಿ ಹಿಡಿಯಲು ಹೊರಟದ್ದು ಬೇರೆ ದೇಶಗಳಿಂದ ಬಂದ ಯಹೂದಿಗಳನ್ನು, ಯಾವ ದೇಶದ ಪೌರತ್ವವೂ ಉಳಿಯದವರನ್ನು. ಕ್ಲೈನ್‌ನಂಥ ಫ್ರೆಂಚ್ ಪ್ರಜೆ ಆ ದಿನದ ಪಟ್ಟಿಗೆ ಬರುವುದು ಕಷ್ಟ. ಆದರೆ ಹಿಡಿದ ಮಕ್ಕಳಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದವರು, ಇಲ್ಲಿನ ಶಾಲೆಗೆ ಹೋಗುತ್ತಿದ್ದವರು.

ಈಗ ಆ ಕಟ್ಟಡ ಇಲ್ಲ. 1959ರಲ್ಲಿ ಬೆಂಕಿ ಬಿದ್ದು, ಉಳಿದದ್ದನ್ನು ಕೆಡವಿದರು. ಐಫೆಲ್ ಗೋಪುರ ನೋಡಲು ಬರುವವರು ಬಿರ್ ಹಕೀಮ್ ಮೆಟ್ರೋ ನಿಲ್ದಾಣದಲ್ಲಿ ಇಳಿಯುತ್ತಾರಲ್ಲ, ಅದರ ಹತ್ತಿರವೇ. ನದಿಯ ಪಕ್ಕ 1994ರಲ್ಲಿ ಮಾಡಿದ ಸ್ಮಾರಕ ಇದೆ. ಬಾಗಿದ ನೆಲದ ಮೇಲೆ ಕೂತ, ಮಲಗಿದ ಜನರ ಕಂಚಿನ ಮೂರ್ತಿಗಳು. ನೆಲ ಯಾಕೆ ಬಾಗಿದೆ ಎಂದು ಮೊದಲು ತಿಳಿಯಲಿಲ್ಲ. ಅದು ಸೈಕಲ್ ಓಡುವ ದಾರಿಯ ಇಳಿಜಾರು. ಊರಿನಿಂದ ಅಪ್ಪ ಅಮ್ಮ ಬಂದಾಗ ಅಲ್ಲಿಗೆ ಕರೆದುಕೊಂಡು ಹೋದೆ. ಅಮ್ಮ ಒಂದು ಮಗುವಿನ ಮೂರ್ತಿಯ ಪಕ್ಕ ತುಂಬ ಹೊತ್ತು ನಿಂತಿದ್ದರು.

ಇದನ್ನು ಮಾಡಿದ್ದು ಫ್ರಾನ್ಸ್ ಎಂದು ದೇಶದ ಅಧ್ಯಕ್ಷರೊಬ್ಬರು ಬಾಯಿಬಿಟ್ಟು ಹೇಳಿದ್ದು 1995ರ ಜುಲೈ 16ರಂದು, ಜಾಕ್ ಶಿರಾಕ್. ಸಿನಿಮಾ ಬಂದದ್ದು 1976ರಲ್ಲಿ. 19 ವರ್ಷ ಮೊದಲು. ಫ್ರೆಂಚ್ ಪೊಲೀಸರ ಸಮವಸ್ತ್ರವನ್ನು ತೆರೆಯ ಮೇಲೆ ಆ ಬಸ್ಸುಗಳ ಪಕ್ಕ ನಿಲ್ಲಿಸುವುದು ಆಗ ಸಣ್ಣ ಮಾತಲ್ಲ.

ಹಳೇ ರೀಲು

ಸೇನ್ ದಂಡೆ ಅವರೇ, ಆ ಫೋಟೋ ವಿಚಾರವನ್ನೂ ಹೇಳಿ. ನಾನು ಎಲ್ಲೋ ಓದಿದ್ದೆ.

ಸೇನ್ ದಂಡೆ

ಹೌದು, ಅದೂ ಗುರುತು ತಪ್ಪಿದ ಕಥೆಯೇ. ವೆಲ್ ದಿವ್ ಒಳಗೆ ಕೂಡಿಹಾಕಿದ ಯಹೂದಿಗಳು ಎಂದು ಒಂದು ಫೋಟೋವನ್ನು ವರ್ಷಗಟ್ಟಲೆ ಬಳಸುತ್ತಿದ್ದರು. 1983ರಲ್ಲಿ ಇತಿಹಾಸಕಾರ ಸೆರ್ಜ್ ಕ್ಲಾರ್ಸ್‌ಫೆಲ್ಡ್ ಅದನ್ನು ಪರಿಶೀಲಿಸಿ ಹೇಳಿದರು, ಇದು 1944ರ ಫೋಟೋ ಎಂದು. ಪ್ಯಾರಿಸ್ ಬಿಡುಗಡೆಯಾದ ಮೇಲೆ ಜರ್ಮನ್ನರ ಜೊತೆ ಕೈಜೋಡಿಸಿದ್ದರೆಂದು ಹಿಡಿದವರನ್ನೂ ಅದೇ ಕ್ರೀಡಾಂಗಣದಲ್ಲಿ ಇಟ್ಟಿದ್ದರು. ಅವರ ಫೋಟೋ ಅದು. ಜುಲೈ 1942ರದು ಎಂದು ಖಚಿತವಾಗಿ ತಿಳಿದಿರುವ ಫೋಟೋದಲ್ಲಿ ಕಾಣುವುದು ಹೊರಗೆ ಸಾಲಾಗಿ ನಿಂತ ಬಸ್ಸುಗಳು. ಒಳಗಿದ್ದವರ ಮುಖವಿಲ್ಲ.

ನಡುರಾತ್ರಿ ನೋಡುಗ

ಇದು ನನಗೆ ಗೊತ್ತಿರಲಿಲ್ಲ. ಒಳಗಿದ್ದವರ ಮುಖವೇ ಉಳಿದಿಲ್ಲ ಅಂದರೆ… ಲೋಸಿ ಆ ಗುಂಪಿನಲ್ಲಿ ಕ್ಯಾಮೆರಾ ಯಾರ ಮೇಲೂ ನಿಲ್ಲಿಸದೆ ಹಾಯಿಸುತ್ತಾ ಹೋಗುವುದಕ್ಕೆ ಬೇರೆ ಅರ್ಥ ಬರುತ್ತದೆ. ಆದರೂ ನನ್ನ ದೂರು ಪೂರ್ತಿ ಹೋಗಲಿಲ್ಲ. ಆ ಕ್ಯಾಬರೆ ದೃಶ್ಯದಲ್ಲಿ ಯಹೂದಿಗಳನ್ನು ಆಡಿಕೊಳ್ಳುವ ನಾಟಕಕ್ಕೆ ಇಡೀ ಸಭೆ ನಗುತ್ತದೆ. ಆ ನಗುವಿನ ಹೊತ್ತಲ್ಲಿ ನನಗೆ ಒಬ್ಬ ಯಹೂದಿಯ ಮುಖ ನೋಡಬೇಕಿತ್ತು.

ಲೆಕ್ಕದಮನೆ

ತುಂಗಾತೀರ ಅವರ ಪ್ರಶ್ನೆಗೆ ಉತ್ತರ ಕೊಡದೆ ಉಳಿದಿತ್ತು, ಕ್ಷಮಿಸಿ.

ನನ್ನ ಕೇಸು ಬಗೆಹರಿಯಿತು. ಬ್ಯಾಂಕಿನಿಂದ ಕಾಗದವೂ ಬಂತು, ನನಗೆ ಸಂಬಂಧವಿಲ್ಲ ಎಂದು. ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಆ ಮನುಷ್ಯನನ್ನು ಒಮ್ಮೆ ನೋಡಬೇಕು ಎಂಬುದು ಹೋಗಲಿಲ್ಲ. ಎಂಟು ತಿಂಗಳು ಅವರ ಸಾಲ, ಅವರ ಜಮೀನು, ಅವರ ಸಹಿ ಎಲ್ಲ ನನ್ನ ತಲೆಯಲ್ಲಿತ್ತು. ನನ್ನ ಹೆಂಡತಿ ಬೇಡ ಎಂದಳು. ಒಂದು ಭಾನುವಾರ ಬಸ್ ಹತ್ತಿ ಹೋದೆ. ಮನೆಗೆ ಬೀಗ. ಪಕ್ಕದವರು ಹೇಳಿದರು, ಸಾಲ ಜಾಸ್ತಿಯಾಗಿ ಮನೆಮಂದಿಯೆಲ್ಲ ಊರು ಬಿಟ್ಟು ಹೋಗಿದ್ದಾರೆ ಎಂದು. ಜಗಲಿಯ ಮೇಲೆ ಒಂದು ಮಗುವಿನ ಚಪ್ಪಲಿ ಇತ್ತು. ಅಲ್ಲಿಯವರೆಗೆ ಅವರು ನನಗೆ ಒಂದು ತೊಂದರೆ, ಅಷ್ಟೇ ಆಗಿದ್ದರು. ಅವರಿಗೂ ತೊಂದರೆ ಇರಬಹುದು ಎಂದು ಎಂಟು ತಿಂಗಳಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕ್ಲೈನ್ ಆ ಕೈಯ ಹಿಂದೆ ಯಾಕೆ ಹೋದ ಎಂದು ಕೇಳಿದಿರಿ. ನಾನು ಬಸ್ ಹತ್ತಿದ್ದೂ ಅದಕ್ಕೇ ಇರಬೇಕು. ನನಗೆ ವಾಪಸ್ ಬರಲು ಬಸ್ ಇತ್ತು.

ಶಿರಸಿಯವಳು

ಸರ್, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಒಂದು ವಿಷಯ ನೆನಪಾಯಿತು. ಕ್ಲೈನ್‌ಗೂ ತಪ್ಪಿಸಿಕೊಳ್ಳುವ ದಾರಿ ಒಮ್ಮೆ ಸಿಕ್ಕಿತ್ತು. ಸುಳ್ಳು ಹೆಸರಿನ ಕಾಗದ ಮಾಡಿಸಿಕೊಂಡು ಮಾರ್ಸೇಗೆ ಹೋಗುವ ರೈಲಿನಲ್ಲಿ ಕೂತಿದ್ದ. ತಪ್ಪಿಸಿಕೊಂಡಾಗಿತ್ತು. ಅಲ್ಲಿ ಎರಡನೇ ಕ್ಲೈನ್‌ನನ್ನು ಬಲ್ಲ ಹುಡುಗಿಯೊಬ್ಬಳು ಸಿಗುತ್ತಾಳೆ. ಅಷ್ಟಕ್ಕೇ ಅವನು ರೈಲು ಇಳಿದು ಪ್ಯಾರಿಸ್‌ಗೆ ವಾಪಸ್ ಬರುತ್ತಾನೆ. ಆಗಲೇ ನಿರ್ಧಾರ ಆಗಿಹೋಗಿತ್ತು. ಕ್ರೀಡಾಂಗಣದಲ್ಲಿ ಆದದ್ದು ಎರಡನೇ ಸಲ. ಮತ್ತೆ ಆ ನಾಯಿ. ಇನ್ನೊಬ್ಬನ ಹತ್ತಿರ ನಾಯಿ ಇತ್ತು, ಇವನ ಹಿಂದೆಯೂ ಒಂದು ನಾಯಿ ಬಂತು, ಇವನು ಮನೆಗೆ ಕರೆದುಕೊಂಡ. ಅದು ಅದೇ ನಾಯಿಯೋ ಅಲ್ಲವೋ, ನಮಗೆ ಯಾರೂ ಹೇಳುವುದಿಲ್ಲ.

ಕಪ್ಪುಬಿಳುಪು

ನಾನು ಮೊದಲು ಬರೆದದ್ದರಲ್ಲಿ ಒಂದು ತಿದ್ದುಪಡಿ. ಬೇಕೆಂದೇ ಕಳಿಸಿದ್ದು ಎಂದು ಈಗಲೂ ನಂಬುತ್ತೇನೆ. ಆದರೆ ಅದೇ ‘ಬಲೆ’ ಎನ್ನುವಂತೆ ಬರೆದದ್ದು ಸರಿಯಲ್ಲ. ಎರಡನೆಯವನು ಒಂದು ಪತ್ರಿಕೆ ಕಳಿಸಿದ, ಅಷ್ಟೇ. ಉಳಿದದ್ದನ್ನೆಲ್ಲ ಇವನೇ ನಡೆದುಕೊಂಡು ಹೋದ. ಬೀದಿಯಲ್ಲಿ ಎರಡನೆಯವನನ್ನು ಪೊಲೀಸರು ಎಳೆದುಕೊಂಡು ಹೋಗುವುದನ್ನು ಇವನು ದೂರದಿಂದ ನೋಡುತ್ತಾನೆ. ಅಷ್ಟು ದಿನ ಹುಡುಕಿದ ಮನುಷ್ಯ. ಅವತ್ತೂ ಮುಖ ಕಾಣಲಿಲ್ಲ.

ತುಂಗಾತೀರ

ನಿಮ್ಮೆಲ್ಲರ ಮಾತು ಓದಿ ನಿನ್ನೆ ರಾತ್ರಿ ಕೊನೆಯ 20 ನಿಮಿಷ ಮತ್ತೆ ನೋಡಿದೆ. ಮುಖ ತೋರಿಸದ್ದು ಮೋಸ ಎಂದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಮೊದಲ ಸಲ ನಾನೂ ಕ್ಲೈನ್ ಥರವೇ ಆ ಎತ್ತಿದ ಕೈಯನ್ನೇ ಹುಡುಕುತ್ತಿದ್ದೆ. ಹಾಗಾಗಿ ವ್ಯಾಗನ್ ಒಳಗೆ ಅವನ ಹಿಂದೆ ನಿಂತವನನ್ನು ಗಮನಿಸಿರಲೇ ಇಲ್ಲ.

ಶುರುವಿನಲ್ಲಿ ಡಚ್ ಚಿತ್ರ ಮಾರಲು ಬಂದಿದ್ದನಲ್ಲ, ಅವನೇ. ಕ್ಲೈನ್ ಭುಜದ ಹಿಂದೆಯೇ ಇದ್ದಾನೆ. ರೈಲು ಹೊರಡುವಾಗ ನಮಗೆ ಅವರಿಬ್ಬರ ಹಳೆಯ ಚೌಕಾಸಿ ಮತ್ತೆ ಕೇಳಿಸುತ್ತದೆ, ಅವನು ಬೆಲೆ ಹೇಳಿದ್ದು, ಇವನು ಇಳಿಸಿದ್ದು. ಕ್ಲೈನ್ ತಿರುಗಿ ನೋಡುವುದಿಲ್ಲ. ಊರೆಲ್ಲ ಹುಡುಕಿದವನಿಗೆ ಒಂದು ಗೇಣು ಹಿಂದೆ ಇರುವವನು ಕಾಣುವುದಿಲ್ಲ.

ಆ ಪಾತ್ರ ಮಾಡಿದವರು ಜಾನ್ ಬೂಯಿಸ್. ಪಾತ್ರದ ಹೆಸರು ಏನೆಂದು ಪಟ್ಟಿಯಲ್ಲಿ ಹುಡುಕಿದೆ. ಬರೀ ‘ಮಾರುವವನು’ ಎಂದಿದೆ.

ನಡುರಾತ್ರಿ ನೋಡುಗ

ಇವತ್ತು ರಾತ್ರಿ ನಾನೂ ಇನ್ನೊಮ್ಮೆ ನೋಡುತ್ತೇನೆ. ಈ ಸಲ ಕ್ಲೈನ್‌ನನ್ನು ಬಿಟ್ಟು ಪಕ್ಕದಲ್ಲಿ ಇರುವವರನ್ನು.